ಶಿಲೆಯ ಸಾಕ್ಷ್ಯವನ್ನು ಕಾಗದಕ್ಕಿಳಿಸಿದ ಕ್ಯಾಪ್ಟನ್ ಟ್ರೈಪ್

ಇಂದು ಕುಕ್ ಟೌನ್ ಮೊದಲಾದ ಬಡಾವಣೆಗಳಿರುವ ಬೆಂಗಳೂರು ದಂಡು ಪ್ರದೇಶದಲ್ಲಿ, ಆ ಬಡಾವಣೆಗಳು ಹುಟ್ಟುವ ಎಷ್ಟೋ ಮೊದಲೇ ಒಬ್ಬ ಸೇನಾಧಿಕಾರಿ ಛಾಯಾಗ್ರಹಣವನ್ನು ತನ್ನ ಕಾಯಕವನ್ನಾಗಿ ಮಾಡಿಕೊಂಡಿದ್ದನೆಂಬುದು ಅನೇಕರಿಗೆ ತಿಳಿಯದು. ಆತನೇ ಲಿನೀಯಸ್ ಟ್ರೈಪ್.

ಇಂಗ್ಲೆಂಡಿನ ಡೆವನ್‌ಪೋರ್ಟ್ ಎಂಬ ಬಂದರು ಪಟ್ಟಣದಲ್ಲಿ 1822ರಲ್ಲಿ ಜನಿಸಿದ ಈತ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯನ್ನು ಸೇರಿದನು. ರಜೆಯಲ್ಲಿ ಸ್ವದೇಶಕ್ಕೆ ಹೋದಾಗ ಛಾಯಾಗ್ರಹಣವನ್ನು ಕಲಿತು, 1854ರಲ್ಲಿ ಬೆಂಗಳೂರಿಗೆ ಮರಳಿದನು. ಅದೇ ವರ್ಷದ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದನು. 1855ರ ಮದರಾಸು ಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಪದಕ ದೊರೆಯಿತು.

ಅಂದಿನ ಛಾಯಾಗ್ರಹಣ ಸುಲಭಸಾಧ್ಯವಾಗಿರಲಿಲ್ಲ. ಮೇಣ ಸವರಿದ ಕಾಗದಕ್ಕೆ ಬೆಳ್ಳಿಯ ಲವಣವನ್ನು ಲೇಪಿಸಿ ಪ್ರತಿಬಿಂಬವನ್ನು ಹಿಡಿಯಬೇಕು. ಅನಂತರ ಒಂದೊಂದು ಪ್ರತಿಯನ್ನೂ ಬಿಸಿಲಿನಲ್ಲಿಯೇ ಮೂಡಿಸಬೇಕು. 1855ರಲ್ಲಿ ಬರ್ಮಾ ದೇಶಕ್ಕೆ ಹೋದ ರಾಯಭಾರದೊಡನೆ ತೆರಳಿದ ಟ್ರೈಪ್, ಹಿಂತಿರುಗಿದ ಮೇಲೆ 120 ಚಿತ್ರಗಳ 50 ಸಂಪುಟಗಳನ್ನು ಬೆಂಗಳೂರಿನಲ್ಲಿಯೇ ಸಿದ್ಧಪಡಿಸಿದನು. ಎಂದರೆ ಆರು ಸಾವಿರ ಪ್ರತಿಗಳು!

1857ರಲ್ಲಿ ಮದರಾಸು ಸರ್ಕಾರ ಆತನನ್ನು ಅಧಿಕೃತ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಶ್ರೀರಂಗ, ಮಧುರೆ, ಪುದುಕೋಟೆಗಳ ಜೊತೆಗೆ ತಂಜಾವೂರನ್ನೂ ಆತ ಚಿತ್ರಿಸಿದನು. ಅಲ್ಲಿನ ಬೃಹದೀಶ್ವರಾಲಯದ ಅಧಿಷ್ಠಾನದ ಶಾಸನಗಳನ್ನು 21 ಚಿತ್ರಗಳಲ್ಲಿ ತೆಗೆದು, ಜೋಡಿಸಿ, 19 ಅಡಿಗೂ ಮೀರಿದ ಒಂದೇ ಪಟವನ್ನಾಗಿಸಿದನು. ಶಿಲೆ ಸವೆದರೂ ಅಕ್ಷರ ಉಳಿಯುವ ಉಪಾಯವಿದು.

ಆದರೆ 1857ರ ದಂಗೆಯ ಅನಂತರ ಬೊಕ್ಕಸ ಬಡವಾಗಿತ್ತು. 1859ರಲ್ಲಿ ಗವರ್ನರ್ ಆಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲ್ಯನ್, ಇದು ದುಬಾರಿಯಾದ ವೈಭೋಗವೆಂದು ಬಗೆದು ಕಾರ್ಯವನ್ನು ನಿಲ್ಲಿಸಿದನು. ಟ್ರೈಪ್ ಸೈನ್ಯದ ಸೇವೆಗೆ ಮರಳಿದನು. ಆ ಮೇಲೆ ಹೆಚ್ಚೇನನ್ನೂ ಚಿತ್ರಿಸಲಿಲ್ಲ. 1902ರಲ್ಲಿ ತನ್ನ ಹುಟ್ಟೂರಿನಲ್ಲಿಯೇ ತೀರಿಕೊಂಡನು. ಅಂದು ವೈಭೋಗವೆನಿಸಿದ ಆ ಚಿತ್ರಗಳನ್ನು 2014–15ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ನುಗಳ ಸಂಗ್ರಹಾಲಯಗಳು ಗೌರವದಿಂದ ಪ್ರದರ್ಶಿಸಿದವು.

ಉಳಿಸುವ ಕಾರ್ಯದ ಬೆಲೆ ಅದನ್ನು ಮಾಡುವ ದಿನ ತಿಳಿಯುವುದಿಲ್ಲ. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಹಿರಿಯರ ಮಾಸಿದ ಭಾವಚಿತ್ರಗಳಿವೆ. ಗುರುತಿಸಬಲ್ಲ ಅಜ್ಜಿ ಇನ್ನೂ ನಮ್ಮೊಡನಿರುವಾಗಲೇ, ಅವುಗಳ ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆದಿಡೋಣ. ಹೆಸರಿಲ್ಲದ ಚಿತ್ರ ಓದಲಾರದ ಶಾಸನವಿದ್ದಂತೆ.