ನಿಮಗಿದು ಗೊತ್ತೆ? ಪಾದದ ಕೀಲಿನಲ್ಲಿ ಹಾಲಿನ ಪ್ಯಾಕೆಟ್‌ನ ನೆಂಟ!

ವಿಜಯನಗರ ಮೆಟ್ರೊ ನಿಲ್ದಾಣದಿಂದ ಮಾರುಕಟ್ಟೆಗೆ ನಡೆದು ಹೋಗುವಾಗ ನಿಮ್ಮ ಪಾದದ ಕೀಲಿನ ಮೇಲೆ ಮೈತೂಕದ ಸುಮಾರು 5 ಪಟ್ಟು ಭಾರ ಬೀಳುತ್ತದೆ. ಸವೆದ ಆ ಕೀಲನ್ನು ಬದಲಿಸಲು ಒಂದೇ ಲೋಹ ಸಾಲದು. ಟೈಟಾನಿಯಂಗೆ ಮೂಳೆ ಚೆನ್ನಾಗಿ ಬೆಸೆದುಕೊಳ್ಳುತ್ತದೆ, ಆದರೆ ಉಜ್ಜಿದರೆ ಬೇಗ ಗೀರು ಬೀಳುತ್ತದೆ. ಹಾಗಾಗಿ ಜಾರುವ ಮೈಗೆ ಸಾಮಾನ್ಯವಾಗಿ ಗಡಸು ಕೋಬಾಲ್ಟ್‌-ಕ್ರೋಮಿಯಂ. ನಡುವೆ ಬಿಲ್ಲೆಯಂತೆ ಕೂರುವುದು ಪಾಲಿಎಥಿಲೀನ್‌. ಬೆಳಿಗ್ಗೆ ಕತ್ತರಿಸುವ ನಂದಿನಿ ಹಾಲಿನ ಪ್ಯಾಕೆಟ್‌ನದೇ ಕುಲ. ಅಣುಸರಪಳಿ ಮಾತ್ರ ಬಲು ಉದ್ದ, ಅದರ ತಾಳಿಕೆ ನಿಜಕ್ಕೂ ಬೆರಗು. ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1962ರಲ್ಲೇ ಈ ಪ್ಲಾಸ್ಟಿಕ್ಕನ್ನು ಸೊಂಟದ ಕೀಲಿಗೆ ಬಳಸಿದ್ದರು.

ಕೋಬಾಲ್ಟ್ ಮಿಶ್ರಲೋಹದಲ್ಲಿ ತುಸು ನಿಕ್ಕಲ್ ಇರಬಹುದು. ಅಗ್ಗದ ಓಲೆ ಹಾಕಿದರೆ ಕಿವಿ ಕೆಂಪಾಗಿ ತುರಿಸುತ್ತದೆಯೇ? ಅದು ನಿಕ್ಕಲ್ ಅಲರ್ಜಿ ಇರಬಹುದು. ಕೀಲು ಆರಿಸುವ ಮೊದಲೇ ವೈದ್ಯರಿಗೆ ಹೇಳಿಬಿಡಿ.