ಖಾತೆ: ಒಂದು ಶಬ್ದ, ಹಲವು ಅರ್ಥ

ಏಳನೆಯ ತರಗತಿಯಲ್ಲಿ ಒಂದು ದಿನ ಕನ್ನಡ ವೃತ್ತಪತ್ರಿಕೆಯನ್ನು ಓದಿಸುತ್ತಿದ್ದೆವು. ಮುಖ್ಯಮಂತ್ರಿಗಳು ಹಣಕಾಸು ಖಾತೆಯನ್ನು ತಮ್ಮಲ್ಲಿಯೇ ಉಳಿಸಿಕೊಂಡರೆಂಬ ಸುದ್ದಿ ಬಂದಿತು. ಕೂಡಲೇ ಒಬ್ಬ ಬಾಲಕನು ಎದ್ದು ನಿಂತು, "ಸಾರ್, ಹಾಗಾದರೆ ರಾಜ್ಯದ ಹಣವೆಲ್ಲ ಅವರ ಹೆಸರಿನಲ್ಲಿಯೇ ಇರುತ್ತದೆಯೆ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ. ಆ ಬಾಲಕನು ಮಾಡಿದ ತಪ್ಪನ್ನೇ ಹಿರಿಯರೂ ಮಾಡುವುದುಂಟು. ಅದಕ್ಕೆ ನಮ್ಮ ಮನೆತನವೇ ಬೆಲೆ ತೆತ್ತಿದೆ. ಆದುದರಿಂದ ಈ ಶಬ್ದವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ಯುಕ್ತವೆಂದು ತೋರಿತು.

'ಖಾತೆ' ಎಂಬುದು ಮರಾಠಿ, ಹಿಂದಿಗಳಲ್ಲಿಯೂ ಬಳಕೆಯಲ್ಲಿರುವ ಶಬ್ದ. ನಮ್ಮಲ್ಲಿ ಹಿಂದಿನಿಂದ ಬಂದ ಮಾತು 'ಲೆಕ್ಕ'. ನೀವು ದಿನವೂ ಕೇಳುವ ತಮಿಳಿನ 'ಕಣಕ್ಕು' ಎಂಬುದು ಹೇಗೆ ಶಾಲೆಯ ಗಣಿತವೂ ಅಂಗಡಿಯ ಬಾಕಿಯೂ ಆಗಬಲ್ಲುದೋ, ನಮ್ಮ 'ಲೆಕ್ಕ'ವೂ ಹಾಗೆಯೇ. ಹಿಂದಿನ ಕಾಲದಲ್ಲಿ ವರ್ತಕರೂ ಮಠಗಳವರೂ ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುವುದು ಪದ್ಧತಿ. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಇಂದು 'ಕಡತ'ವೆಂದರೆ ಕಚೇರಿಯ ಫೈಲು. ವಸ್ತು ಮರೆಯಾದರೂ ಶಬ್ದವು ಬೇರೆ ಕೆಲಸ ಹಿಡಿದು ಉಳಿಯಿತು.

ಖಾತೆಯ ಮೊದಲ ಅರ್ಥವನ್ನು ಅಂಗಡಿಯಲ್ಲಿ ಕಾಣಬೇಕು. ವ್ಯಾಪಾರಿಯು ದಿನದ ವ್ಯವಹಾರವನ್ನೆಲ್ಲ ನಡೆದ ಕ್ರಮದಲ್ಲಿ ಕಿರ್ದಿಯಲ್ಲಿ ಬರೆಯುತ್ತಾನೆ. ಅನಂತರ ಅದನ್ನು ಒಬ್ಬೊಬ್ಬರ ಹೆಸರಿನ ಪುಟಕ್ಕೆ ಹಂಚುತ್ತಾನೆ. ರಾಮಯ್ಯನೆಂಬವನು 5 ಕಿಲೋ ಅಕ್ಕಿಯನ್ನು ಸಾಲವಾಗಿ ಒಯ್ದನೆನ್ನೋಣ. ಅದು ರಾಮಯ್ಯನ ಪುಟಕ್ಕೆ ಏರುತ್ತದೆ. ಆ ಪುಟವೇ ರಾಮಯ್ಯನ ಖಾತೆ. ಮೇಲೆ ಒಂದು ಹೆಸರು. ಕೆಳಗೆ ಕೊಡುವ, ಕೊಳ್ಳುವ ಹೊಣೆ. ಉಳಿದ ಅರ್ಥಗಳೆಲ್ಲ ಈ ಒಂದು ಪುಟದಿಂದ ಹುಟ್ಟಿದವು.

ಬ್ಯಾಂಕಿನಲ್ಲಿ ನಾವು ಹಣವಿಟ್ಟಾಗ ಅಲ್ಲಿಯೂ ನಮ್ಮ ಹೆಸರಿಗೆ ಒಂದು ಪುಟ ತೆರೆಯುತ್ತದೆ. ಅಷ್ಟು ಹಣವನ್ನು ಬ್ಯಾಂಕು ನಮಗೆ ಕೊಡಬೇಕೆಂಬುದೇ ಅದರ ಅರ್ಥ. ಅಣ್ಣಾ ನಗರದ ಉದ್ಯಾನದಲ್ಲಿರುವ ಎತ್ತರದ ಗೋಪುರವನ್ನು ನೀವೆಲ್ಲ ನೋಡಿದ್ದೀರಿ. 1968ರ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಅವರು ಮೈಸೂರಿನ ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. 2017ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ಪಿಗ್ಮಿ ಯೋಜನೆಯನ್ನು ಆರಂಭಿಸಿ, ಮನೆಬಾಗಿಲಿಗೇ ಬಂದು ದಿನಕ್ಕೆ 2 ಆಣೆಯನ್ನೂ ಸ್ವೀಕರಿಸಿ ಬಡವರ ಹೆಸರಿಗೂ ಖಾತೆ ತೆರೆಯಿತು. ಇಂದು 10 ವರ್ಷ ತುಂಬಿದ ಮಕ್ಕಳು ಬ್ಯಾಂಕು ವಿಧಿಸುವ ಮಿತಿಯೊಳಗೆ ತಾವೇ ಉಳಿತಾಯ ಖಾತೆಯನ್ನು ನಡೆಸಬಹುದು. ಆದರೆ ಎಚ್ಚರ! ಪರಿಚಯವಿಲ್ಲದವರ ಹಣವನ್ನು ನಿಮ್ಮ ಖಾತೆಯ ಮೂಲಕ ಸಾಗಿಸಲು ಎಂದಿಗೂ ಬಿಡಬಾರದು. ಪುಟದ ಮೇಲಿರುವ ಹೆಸರು ನಿಮ್ಮದಾದುದರಿಂದ ಉತ್ತರ ಹೇಳಬೇಕಾದವರೂ ನೀವೇ.

ಮಂತ್ರಿಗಳ ಖಾತೆಯೆಂದರೆ ಅವರಿಗೆ ವಹಿಸಿದ ಆಡಳಿತದ ಭಾಗ. ಮರಾಠಿಯಲ್ಲಿಯೂ ಹೀಗೆಯೇ ಹೇಳುತ್ತಾರೆ. ತಮಿಳಿನಲ್ಲಿ ಇದು 'ತುರೈ'. ನದಿಗೆ ಇಳಿಯುವ ಘಟ್ಟಕ್ಕೂ ಅದೇ ಹೆಸರು. ಇಂಗ್ಲಿಷಿನ 'ಪೋರ್ಟ್‌ಫೋಲಿಯೋ' ಎಂಬುದು ಮೊದಲು ಬಿಡಿ ಕಾಗದಗಳನ್ನಿಡುವ ಚೀಲಕ್ಕೆ ಸಲ್ಲುತ್ತಿದ್ದಿತು. ಶಾಸನಸಭೆಯ ಒಪ್ಪಿಗೆಯಿಂದಲೇ ಬೊಕ್ಕಸದ ಹಣ ವೆಚ್ಚವಾಗಬೇಕು. ಹಣಕಾಸು ಖಾತೆಯವರು ಅದಕ್ಕೆ ಹೊಣೆಗಾರರೇ ಹೊರತು ಒಡೆಯರಲ್ಲ.

ಇನ್ನು ಜಮೀನಿನ ಖಾತೆ. ನಮ್ಮ ತಾತನವರು ತೀರಿಕೊಂಡ ಮೇಲೆ, ಊರಿನಲ್ಲಿಯೇ ಇದ್ದ ದೊಡ್ಡಪ್ಪನವರ ಹೆಸರಿಗೆ ಖಾತೆಯಾಯಿತು. ಕಂದಾಯ ಕಟ್ಟುತ್ತಿದ್ದವರು ಅವರೇ. ಖಾತೆ ತಮ್ಮದಾದ ಮೇಲೆ ಭೂಮಿಯೂ ತಮ್ಮದೆಂದು ಅವರು ಪ್ರಾಮಾಣಿಕವಾಗಿ ನಂಬಿದರು. ಪರಸ್ಥಳದಲ್ಲಿದ್ದ ನಮ್ಮ ತಂದೆಯವರು, ಅಣ್ಣನೇ ಮೋಸ ಮಾಡಿದನೆಂದು ತಿಳಿದರು. ಹನ್ನೊಂದು ವರ್ಷ ಅಣ್ಣತಮ್ಮಂದಿರು ಮಾತನಾಡಲಿಲ್ಲ. ಮದುವೆ, ಮುಂಜಿಗಳಿಗೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲಿಲ್ಲ. ಕಡೆಗೆ ಒಬ್ಬ ವೃದ್ಧ ವಕೀಲರು ಇಬ್ಬರ ಮನೆಯವರನ್ನೂ ಕೂಡಿಸಿ ತಿಳಿಯಹೇಳಿದರು: ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂಬುದಕ್ಕಾಗಿ ಇರುವ ದಾಖಲೆ ಖಾತೆ, ಒಡೆತನವು ಬರುವುದು ಕ್ರಯಪತ್ರ, ವಿಭಾಗಪತ್ರ, ಮರಣಶಾಸನ, ವಾರಸಿನ ಹಕ್ಕು ಮುಂತಾದವುಗಳಿಂದ. ಕಂದಾಯದ ದಾಖಲೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬಾರದೆಂದು ಸುಪ್ರೀಂ ಕೋರ್ಟು ಹಲವು ಸಲ ತೀರ್ಪು ಕೊಟ್ಟಿದೆ. ದೊಡ್ಡಪ್ಪನವರು ಬಹಳ ಹೊತ್ತು ಸುಮ್ಮನಿದ್ದು, "ಇದು ಮೊದಲೇ ಗೊತ್ತಿದ್ದಿದ್ದರೆ" ಎಂದಷ್ಟೇ ಹೇಳಿದರು. ನಮ್ಮ ತಂದೆಯವರು ತೀರಿಕೊಂಡು ಆಗ ಎರಡು ವರ್ಷವಾಗಿದ್ದಿತು.

ಖಾತೆದಾರರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ ಕರ್ನಾಟಕದಲ್ಲಿ 'ಪೌತಿ ಖಾತೆ' ಎನ್ನುತ್ತಾರೆ. 'ಪೌತಿ' ಎಂದರೆ ಮರಣ. ಆ ಅರ್ಜಿಯಲ್ಲಿ ದೊಡ್ಡಪ್ಪನವರು ನಮ್ಮ ಹೆಸರನ್ನೂ ತಾವೇ ಬರೆಸಿದರು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ಹಿರಿಯರು ಊರಿನಲ್ಲಿ ಒಂದಿಷ್ಟು ಮನೆ, ಜಮೀನುಗಳನ್ನು ಬಿಟ್ಟು ಈ ನಗರಕ್ಕೆ ಬಂದವರು. ಈ ರಜೆಯಲ್ಲಿ ಊರಿಗೆ ಹೋದಾಗ, ಖಾತೆ ಯಾರ ಹೆಸರಿನಲ್ಲಿದೆ, ಮೂಲಪತ್ರಗಳು ಎಲ್ಲಿವೆ ಎಂದು ಅಜ್ಜ ಅಜ್ಜಿಯರನ್ನು ವಿನಯದಿಂದ ಕೇಳಿ ಬರೆದಿಟ್ಟುಕೊಳ್ಳಿರಿ. 'ಖಾತೆ' ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ, ಇಲ್ಲಿ ಹೆಸರು ಯಾರದು, ಹೊಣೆ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಹಾಕಿಕೊಂಡರೆ ಅರ್ಥವು ತಾನಾಗಿಯೇ ತಿಳಿಯುತ್ತದೆ. ಅಂದು ನಿಸ್ಸಂಕೋಚವಾಗಿ ಎದ್ದು ಕೇಳಿದ ಆ ಬಾಲಕನಿಗೆ ನಾವು ಕೃತಜ್ಞರಾಗಿದ್ದೇವೆ.