ಹೇಸಿಗೆಯ ಹೆಸರು ಹೊತ್ತ ಚಕ್ರವರ್ತಿ

ಕ್ರಿ.ಶ. 741ರಿಂದ 775ರವರೆಗೆ ಬೈಜಾಂಟೈನ್ ಸಾಮ್ರಾಜ್ಯವನ್ನಾಳಿದ ಐದನೇ ಕಾನ್‌ಸ್ಟಂಟೈನ್‌ನಷ್ಟು ಹೊಲಸು ಅಡ್ಡಹೆಸರು ಬೇರಾವ ಚಕ್ರವರ್ತಿಗೂ ಅಂಟಿದಂತಿಲ್ಲ. ಹಸುಗೂಸಾಗಿದ್ದಾಗ ಜ್ಞಾನಸ್ನಾನದ ತೊಟ್ಟಿಯಲ್ಲೇ ಮಲ ಮಾಡಿಕೊಂಡನಂತೆ. ಈ ಮಗುವಿನಿಂದ ಧರ್ಮಕ್ಕೆ ಕೇಡು ತಪ್ಪದೆಂದು ಧರ್ಮಗುರು ಅಂದೇ ನುಡಿದನಂತೆ. ಹಾಗಾಗಿ ಅವನು ‘ಕೊಪ್ರೊನಿಮಸ್’, ಮಲದ ಹೆಸರಿನವನು. ಇದನ್ನು ನಮಗೆ ದಾಟಿಸಿದವನು ಥಿಯೋಫನೀಸ್ ಎಂಬ ಸಂನ್ಯಾಸಿ. ಬರೆದದ್ದು ಆ ಕೂಸು ಹುಟ್ಟಿ ತೊಂಬತ್ತು ವರ್ಷ ಕಳೆದ ಮೇಲೆ. ದ್ವೇಷಕ್ಕೆ ಕಾರಣವೂ ಸ್ಪಷ್ಟವಾಗಿದೆ. ಪವಿತ್ರ ಚಿತ್ರಗಳ ಆರಾಧನೆ ವಿಗ್ರಹಪೂಜೆಯೇ ಎಂದು ಕಾನ್‌ಸ್ಟಂಟೈನ್ ನಂಬಿದ್ದ. 754ರಲ್ಲಿ ಹಿಯೇರಿಯಾದಲ್ಲಿ ಅವನು ಸೇರಿಸಿದ ಸಭೆಯಲ್ಲಿ 338 ಬಿಷಪ್ಪರು ಅದನ್ನು ಖಂಡಿಸಿದರು. 787ರಲ್ಲಿ ನೈಸಿಯಾದ ಸಭೆ ಆ ತೀರ್ಪನ್ನು ತಿರುಗಿಸಿತು. 843ರಲ್ಲಿ ಚಿತ್ರಪಕ್ಷ ಕೊನೆಯದಾಗಿ ಗೆದ್ದಿತು. ಸೋತವರ ಗ್ರಂಥಗಳು ನಾಶವಾದವು. ಹಿಯೇರಿಯಾದ ನಿರ್ಣಯ ಇಂದು ಓದಲು ಸಿಗುವುದು ಕೂಡ, ಒಂದೊಂದೇ ವಾಕ್ಯವಾಗಿ ಅಲ್ಲಗಳೆಯಲೆಂದು ವಿರೋಧಿಗಳು ಅದನ್ನು ನಕಲು ಮಾಡಿಕೊಂಡದ್ದರಿಂದ.

ಹಾಗಾದರೆ ಅವನ ಕ್ರೌರ್ಯವೆಲ್ಲ ಕಟ್ಟುಕಥೆಯೇ ಎಂದು ಕೇಳಬಹುದು. ಅಲ್ಲ. ಸ್ಟೀಫನ್ ಎಂಬ ಸಂನ್ಯಾಸಿಯನ್ನು ರಾಜಧಾನಿಯ ಬೀದಿಯಲ್ಲಿ ಎಳೆದಾಡಿ ಕೊಂದರು. ತಾನೇ ನೇಮಿಸಿದ ಧರ್ಮಗುರುವಿನ ತಲೆಯನ್ನೂ ಚಕ್ರವರ್ತಿ ತೆಗೆಸಿದ. ಇವನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ಇನ್ನೊಂದು ಬಗೆಯ ಅನ್ಯಾಯ. ಆದರೆ ಅಷ್ಟೇ ಅವನಲ್ಲ ಎನ್ನುವುದಕ್ಕೆ ಸಾಕ್ಷಿ ಶತ್ರುವಿನ ಪುಸ್ತಕದಲ್ಲೇ ಇದೆ. ಶತ್ರು ಒಲ್ಲದ ಮನಸ್ಸಿನಿಂದ ಹೇಳಿದ ಒಳ್ಳೆಯದಕ್ಕೆ ತೂಕ ಹೆಚ್ಚು. 626ರಲ್ಲಿ ಅವಾರರು ಮುತ್ತಿಗೆ ಹಾಕಿದಾಗ ಕಾನ್‌ಸ್ಟಾಂಟಿನೋಪಲ್‌ನ ದೊಡ್ಡ ಮೇಲ್ಗಾಲುವೆ ಒಡೆದಿತ್ತು. ಒಂದೂಕಾಲು ಶತಮಾನ ಮೀರಿದರೂ ಯಾರೂ ಅದನ್ನು ಮುಟ್ಟಿರಲಿಲ್ಲ. 766ರ ಬರದಲ್ಲಿ ನೀರ್ತೊಟ್ಟಿಗಳು ಬತ್ತಿ, ಸ್ನಾನಗೃಹಗಳು ಬರಿದಾದಾಗ ಕಾನ್‌ಸ್ಟಂಟೈನ್ ಅದನ್ನು ಕೈಗೆತ್ತಿಕೊಂಡ. ಏಷ್ಯಾ ಮತ್ತು ಪೊಂಟಸ್‌ನಿಂದ 1,000 ಗಾರೆಯವರು, 200 ಗಿಲಾವು ಕೆಲಸದವರು. ಗ್ರೀಸ್ ಮತ್ತು ದ್ವೀಪಗಳಿಂದ 500 ಮಣ್ಣುಕೆಲಸದವರು. ಥ್ರೇಸ್‌ನಿಂದ 5,000 ಕೂಲಿಗಳು, 200 ಇಟ್ಟಿಗೆಯವರು ಬಂದರು. ಊರಿಗೆ ನೀರು ಹರಿಯಿತು. ಈ ಲೆಕ್ಕ ಇಟ್ಟವನು ಅದೇ ಥಿಯೋಫನೀಸ್.

ಅಡ್ಡಹೆಸರನ್ನು ಜನರೆಲ್ಲ ಒಪ್ಪಿದ್ದರೆಂಬ ಮಾತೂ ನಿಲ್ಲುವುದಿಲ್ಲ. 813ರಲ್ಲಿ ಬಲ್ಗೇರಿಯದ ದೊರೆ ಕ್ರೂಮ್ ರಾಜಧಾನಿಯ ಹೊಸ್ತಿಲಿಗೆ ಬಂದಾಗ, ಒಂದು ಗುಂಪು ಅಪೋಸ್ತಲರ ಚರ್ಚಿನ ರಾಜಸಮಾಧಿಗಳಿಗೆ ನುಗ್ಗಿ, ಸತ್ತು 38 ವರ್ಷವಾಗಿದ್ದ ಕಾನ್‌ಸ್ಟಂಟೈನ್‌ನ ಮುಂದೆ ಬಿದ್ದು, ಎದ್ದು ಬಂದು ನಾಡನ್ನು ಉಳಿಸೆಂದು ಮೊರೆಯಿಟ್ಟಿತು. ಬಲ್ಗರರನ್ನು ಮತ್ತೆ ಮತ್ತೆ ಸೋಲಿಸಿದವನನ್ನು ಅವರು ಮರೆತಿರಲಿಲ್ಲ. ಥಿಯೋಫನೀಸ್ ಇದನ್ನು ಮೂಢರ ಆಟವೆಂದು ಜರೆದರೂ ದಾಖಲಿಸದೆ ಬಿಡಲಿಲ್ಲ. ಗೆದ್ದ ಪಕ್ಷಕ್ಕೆ ಆ ನೆನಪೇ ಅಪಾಯವಾಗಿ ಕಂಡಿರಬೇಕು: 843ರ ಬಳಿಕ, ಮೂರನೇ ಮೈಕಲ್‌ನ ಕಾಲದಲ್ಲಿ, ಕಾನ್‌ಸ್ಟಂಟೈನ್‌ನ ಮೂಳೆಗಳನ್ನು ಹೊರತೆಗೆದು ಸುಟ್ಟರು.